ಬಾಣಲೆಗೆ ಚೀನಾ ಬರಲಿ, ಕೆರೆಗೆ ಪೊಟ್ಟಣ ಬೇಡ

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ತನ್ನ ಹೆಸರಿನಲ್ಲಿಯೇ ಕೆರೆಯನ್ನು ಉಳಿಸಿಕೊಂಡಿರುವ ಊರು. ಮಳೆಯ ನೆರಳಿನ ಸೀಮೆ. ಕುರುಚಲು ಗುಡ್ಡ, ಶೇಂಗಾ, ರಾಗಿ, ಹುರುಳಿ, ಈರುಳ್ಳಿಗಳ ನಾಡು. ಇಂಥ ಊರುಗಳ ಯಾವುದೇ ಅಂಗಡಿಯ ಮುಂದೆ ನಿಂತು ನೋಡಿದರೂ ಮಾಲೆಮಾಲೆಯಾಗಿ ತೂಗುವ ಪೊಟ್ಟಣಗಳು ಕಾಣುತ್ತವೆ. ಒಂದು ಕಾಲಕ್ಕೆ ಅಲ್ಲಿ ಶಾಂಪೂ ಮತ್ತು ಗುಟ್ಕಾ ಮಾತ್ರ ತೂಗುತ್ತಿದ್ದವು. ಈಗ ಅವುಗಳ ಪಕ್ಕದಲ್ಲಿ ಚೈನೀಸ್ ಮಸಾಲೆ, ಮಂಚೂರಿಯನ್ ಮಿಕ್ಸ್, ಶೆಜ್ವಾನ್ ಪುಡಿ, ಫ್ರೈಡ್ ರೈಸ್ ಮಸಾಲೆಗಳೂ ಸೇರಿಕೊಂಡಿವೆ. ಪೇಟೆಯ ತಳ್ಳುಗಾಡಿಯಲ್ಲಿ ತಿಂದ ರುಚಿಯನ್ನು ಮನೆಯ ತರಕಾರಿಗೂ ತರಬೇಕೆಂಬ ಆಸೆ ಮಕ್ಕಳಿಗೆ, ಹತ್ತು ರೂಪಾಯಿಗೆ ಆ ಆಸೆ ತೀರುತ್ತದೆಂಬ ಸಮಾಧಾನ ತಾಯಂದಿರಿಗೆ.

ಪರಿಸರದ ಮಾತನಾಡುವವರಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ವಿದೇಶಿ ರುಚಿ ಬೇಡ, ಮುದ್ದೆ-ಸಾರಿಗೆ ಮರಳಿರಿ. ಕೇಳಲು ಹಿತವಾದ ಈ ಉಪದೇಶವನ್ನು ಯಾವ ಹದಿನಾರರ ಹುಡುಗನೂ ಪಾಲಿಸಿದ ದಾಖಲೆಯಿಲ್ಲ. ಮೇಲಾಗಿ ಅದು ಸರಿಯಾದ ಉತ್ತರವೂ ಅಲ್ಲ. ಚೀನಾದ ಅಡುಗೆಮನೆಯಿಂದ ಬಯಲುಸೀಮೆಯ ಮತ್ತು ಮಲೆನಾಡಿನ ಹಳ್ಳಿಗಳು ಕಲಿಯಬೇಕಾದದ್ದು ಸಾಕಷ್ಟಿದೆ. ಅದನ್ನು ಬಿಟ್ಟು, ಚೀನಾದ ಹೆಸರು ಹೊತ್ತ ಬಣ್ಣ, ಉಪ್ಪು ಮತ್ತು ಪ್ಲಾಸ್ಟಿಕ್ಕನ್ನು ಮಾತ್ರ ಹಳ್ಳಿಗಳು ಕೊಳ್ಳುತ್ತಿರುವುದೇ ಆಕ್ಷೇಪಕ್ಕೆ ಅರ್ಹವಾದ ಸಂಗತಿ.

ಮೊದಲಿಗೆ ಹೆಸರಿನ ಗೊಂದಲ ಬಿಡಿಸಬೇಕು. ಗೋಬಿ ಮಂಚೂರಿ ಎಂಬ ಖಾದ್ಯ ಚೀನಾದ ಮಂಚೂರಿಯಾ ಪ್ರಾಂತದಲ್ಲಿ ಹುಟ್ಟಿದ್ದಲ್ಲ. ಕೋಲ್ಕತ್ತದ ಚೀನೀ ಕುಟುಂಬದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಬಾಣಸಿಗ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಹಸಿಮೆಣಸು, ಶುಂಠಿ, ಬೆಳ್ಳುಳ್ಳಿಗೆ ಸೋಯಾ ಸಾಸ್ ಮತ್ತು ಜೋಳದ ಹಿಟ್ಟು ಬೆರೆಸಿ ಕೋಳಿಯ ಖಾದ್ಯವೊಂದನ್ನು ಮಾಡಿದ್ದೇ ಮಂಚೂರಿಯ ಮೂಲವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಸಸ್ಯಾಹಾರಿಗಳಿಗಾಗಿ ಕೋಳಿಯ ಜಾಗದಲ್ಲಿ ಹೂಕೋಸು ಬಂದಿತು. ಆ ಹೂಕೋಸಾದರೂ 1822ರಲ್ಲಿ ಇಂಗ್ಲೆಂಡಿನಿಂದ ಸಹಾರನಪುರದ ತೋಟಕ್ಕೆ ಬಂದ ಬೀಜದ ಸಂತತಿ. ಅಂಗಡಿಗಳಲ್ಲಿ ಸಿಗುವ ಶೆಜ್ವಾನ್ ಸಾಸಿನ ಕಥೆಯೂ ಇಷ್ಟೇ. ಸಿಚುವಾನ್ ಪ್ರಾಂತದ ಹೆಸರು ಹೊತ್ತಿದ್ದರೂ ಆ ಪ್ರಾಂತದ ಅಡುಗೆಗೆ ಜೀವವಾದ, ನಾಲಗೆಯನ್ನು ಜುಮ್ಮೆನ್ನಿಸುವ ಅಲ್ಲಿಯ ಕಾಯಿ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಚೀನಾ ಎಂದು ಹಳ್ಳಿಗೆ ಬಂದದ್ದರಲ್ಲಿ ಚೀನಾ ಬಹಳ ಕಡಿಮೆ.

ಇನ್ನು ನಿಜವಾದ ಚೀನೀ ಮಸಾಲೆ ಯಾವುದು? ಅಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಐದು ಸಂಬಾರಗಳ ಪುಡಿಯಲ್ಲಿ ಚಕ್ರಮೊಗ್ಗು, ಚಕ್ಕೆ, ಲವಂಗ, ಸೋಂಪು ಹಾಗೂ ಸಿಚುವಾನಿನ ಆ ಜುಮ್ಮೆನ್ನುವ ಕಾಯಿಯ ಸಿಪ್ಪೆ ಇರುತ್ತವೆ. ಈ ಐದರಲ್ಲಿ ನಾಲ್ಕು ಹೆಸರುಗಳನ್ನು ಓದಿದ ಯಾವ ಕನ್ನಡ ಗೃಹಿಣಿಗೂ ಆಶ್ಚರ್ಯವಾಗಲಾರದು; ಅವು ಅವಳ ಮಸಾಲೆ ಡಬ್ಬಿಯಲ್ಲಿ ಅಜ್ಜಿಯ ಕಾಲದಿಂದಲೂ ಇವೆ. ಚಕ್ರಮೊಗ್ಗು ಇಂದಿಗೂ ಹೆಚ್ಚಾಗಿ ಬೆಳೆಯುವುದು ದಕ್ಷಿಣ ಚೀನಾದ ಗುವಾಂಗ್ಸಿ ಪ್ರಾಂತದಲ್ಲಿ ಮತ್ತು ವಿಯೆಟ್ನಾಮಿನಲ್ಲಿ. ದಾಲ್ಚಿನ್ನಿ ಎಂಬ ಮಾತಿಗೆ ಪಾರಸಿ ಭಾಷೆಯಲ್ಲಿ ಚೀನಾದ ಮರ ಎಂದೇ ಅರ್ಥ. ಪೇಟೆಯಲ್ಲಿ ಅಗ್ಗವಾಗಿ ಸಿಗುವ ದಪ್ಪ ಚಕ್ಕೆ ಬಹುಪಾಲು ನಿಜವಾದ ದಾಲ್ಚಿನ್ನಿಯೂ ಅಲ್ಲ, ಚೀನಾ ಮತ್ತು ವಿಯೆಟ್ನಾಮಿನ ಕಡೆಯಿಂದ ಬರುವ ಕ್ಯಾಸಿಯಾ ತೊಗಟೆ. (ಮಲೆನಾಡಿನಲ್ಲಿ ಸಿಹಿಗುಂಬಳವನ್ನು ಚೀನಿಕಾಯಿ ಎನ್ನುವವರಿದ್ದಾರೆ, ಆದರೆ ಅದರ ತವರು ಅಮೆರಿಕ. ಹೆಸರುಗಳನ್ನು ನಂಬಿ ಸ್ವದೇಶಿ-ವಿದೇಶಿ ಎಂದು ಅಡುಗೆಮನೆಯನ್ನು ವಿಂಗಡಿಸಲು ಹೊರಟರೆ ಮೆಣಸಿನಕಾಯಿಯನ್ನೂ ಶೇಂಗಾವನ್ನೂ ಹೊರಗೆ ಹಾಕಬೇಕಾದೀತು.) ಆದುದರಿಂದ ಹೊಸದಾಗಿ ಒಂದು ಪೊಟ್ಟಣದಲ್ಲಿ ಕೊಳ್ಳಬೇಕಾದಂಥದ್ದು ಇದರಲ್ಲಿ ಏನೂ ಇಲ್ಲ. ಐದನೆಯ ಕಾಯಿಯೊಂದೇ ಉಳಿಯಿತು. ಅದರ ಸೋದರ ಸಂಬಂಧಿ ಇಲ್ಲಿಯ ಘಟ್ಟದಲ್ಲಿಯೇ ಇದೆ. ಆ ವಿಷಯ ಮುಂದೆ ಬರುತ್ತದೆ.

ಮಸಾಲೆಗಿಂತಲೂ ಮುಖ್ಯವಾದದ್ದು ವಿಧಾನ. ಚೀನಾದ ಸಾಮಾನ್ಯ ಮನೆಗಳಲ್ಲಿ ಹಸಿರು ತರಕಾರಿಗೆ ಈ ಐದರ ಪುಡಿಯನ್ನು ದಿನವೂ ಸುರಿಯುವುದಿಲ್ಲ. ಅದು ಹೆಚ್ಚಾಗಿ ಮಾಂಸಕ್ಕೆ, ಸೋಯಾ ಗಿಣ್ಣಿಗೆ, ನಿಧಾನವಾಗಿ ಬೇಯುವ ಪದಾರ್ಥಗಳಿಗೆ ಚಿಟಿಕೆಯ ಲೆಕ್ಕದಲ್ಲಿ ಬೀಳುತ್ತದೆ. ಸೊಪ್ಪು-ತರಕಾರಿಗೆ ಚೆನ್ನಾಗಿ ಕಾದ ಕಬ್ಬಿಣದ ಬಾಣಲೆ, ಒಂದಿಷ್ಟು ಎಣ್ಣೆ, ಬೆಳ್ಳುಳ್ಳಿ, ಶುಂಠಿ, ಉಪ್ಪು. ಎರಡು ಮೂರು ನಿಮಿಷಗಳ ಕೈಚಳಕ. ತರಕಾರಿ ಸಣ್ಣಗೆ ಒಂದೇ ಅಳತೆಯಲ್ಲಿ ಹೆಚ್ಚಲ್ಪಟ್ಟಿರಬೇಕು, ಬಾಣಲೆಗೆ ಬೀಳುವಾಗ ಒದ್ದೆಯಾಗಿರಬಾರದು, ಒಲೆಯಿಂದ ಇಳಿಯುವಾಗ ಬಣ್ಣ ಮಾಸಿರಬಾರದು, ಹಲ್ಲಿಗೆ ಕರಂ ಎನ್ನಬೇಕು. ಸೌದೆಗೆ ಕೊರತೆಯಿದ್ದ ದೇಶದಲ್ಲಿ ಕತ್ತಿಗೆ ಹೆಚ್ಚು ಕೆಲಸ, ಬೆಂಕಿಗೆ ಕಡಿಮೆ ಕೆಲಸ ಎಂಬ ಲೆಕ್ಕದಲ್ಲಿ ಈ ಪದ್ಧತಿ ಬೆಳೆಯಿತೆಂದು ಆಹಾರದ ಇತಿಹಾಸ ಬರೆದವರು ವಿವರಿಸುತ್ತಾರೆ.

ಗುಡ್ಡದ ಹಳ್ಳಿಗಳಿಗೆ ಈ ಲೆಕ್ಕ ಅಪರಿಚಿತವಾಗಬಾರದು. ಸೌದೆಯ ಹೊರೆ ಹೊತ್ತು ಇಳಿಯುವ ಹೆಂಗಸರ ಕಷ್ಟವನ್ನೂ ಬೋಳಾಗುವ ಗುಡ್ಡವನ್ನೂ ಕಂಡೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಅಸ್ತ್ರ ಎಂಬ ಕೇಂದ್ರ ಆರಂಭವಾಯಿತು. ಅಸ್ತ್ರ ಒಲೆ ಕರ್ನಾಟಕದ ಸಾವಿರಾರು ಮನೆಗಳಿಗೆ ಹೋಯಿತು. 2016ರ ಉಜ್ವಲ ಯೋಜನೆಯ ನಂತರ ಅನಿಲದ ಸಿಲಿಂಡರ್ ಬಂದಿದ್ದರೂ ಅದು ಬರಿದಾದ ದಿನ ಸೌದೆಯೇ ಗತಿ. ಒಲೆಯನ್ನು ಸುಧಾರಿಸಲು ಇಷ್ಟು ಶ್ರಮ ನಡೆದಿರುವಾಗ, ಒಲೆಯ ಮೇಲಿನ ಅಡುಗೆಯ ಅವಧಿಯನ್ನೇ ತಗ್ಗಿಸುವ ವಿಧಾನವೊಂದು ಎಲ್ಲೇ ಇದ್ದರೂ ಕಲಿಯತಕ್ಕದ್ದು. ಬೀನ್ಸು-ಸೊಪ್ಪುಗಳನ್ನು ಅರ್ಧ ಗಂಟೆ ಕುದಿಸಿ, ನೀರು ಬಸಿದು, ಬೂದಿಬಣ್ಣಕ್ಕೆ ತಿರುಗಿಸುವ ಅಭ್ಯಾಸವನ್ನು ಸಂಪ್ರದಾಯವೆಂದು ಸಮರ್ಥಿಸಬೇಕಾದ ಅಗತ್ಯ ಯಾರಿಗೂ ಇಲ್ಲ.

ಆದರೆ ಪೊಟ್ಟಣ ಹೇಳಿಕೊಡುವ ಚೀನೀ ಅಡುಗೆ ಇದಕ್ಕೆ ತದ್ವಿರುದ್ಧ. ಅದರ ಬೆನ್ನ ಮೇಲಿನ ಸೂಚನೆಯಂತೆ ಹೂಕೋಸನ್ನು ಹಿಟ್ಟಿನಲ್ಲಿ ಅದ್ದಿ, ಬಾಣಲೆ ತುಂಬ ಎಣ್ಣೆಯಲ್ಲಿ ಕರಿದು, ಮತ್ತೊಮ್ಮೆ ಮಸಾಲೆಯ ಗೊಜ್ಜಿನಲ್ಲಿ ಹೊರಳಿಸಬೇಕು. ಇಂಧನ ಎರಡು ಪಟ್ಟು, ಎಣ್ಣೆ ಹತ್ತು ಪಟ್ಟು. ಪುಡಿಯಲ್ಲಿ ಜೋಳದ ಹಿಟ್ಟು, ಉಪ್ಪು, ಸಕ್ಕರೆ ಮುಂದೆ. ಸಂಬಾರದ ಹೆಸರುಗಳು ಪಟ್ಟಿಯ ಬಾಲದಲ್ಲಿ. ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿಯೂ ಹಪ್ಪಳವೂ ಇರುವ ಊಟಕ್ಕೆ ಇನ್ನೊಂದು ಉಪ್ಪಿನ ಪೊಟ್ಟಣ ಬೇಕೇ ಎಂಬುದನ್ನು ಆರೋಗ್ಯ ಕಾರ್ಯಕರ್ತೆಯರು ಮನೆಮನೆಯಲ್ಲಿ ಕೇಳಬೇಕಾಗಿದೆ.

ಇಲ್ಲಿ ನ್ಯಾಯದ ಮಾತೊಂದನ್ನು ಸೇರಿಸುವುದು ಅವಶ್ಯ. ಚೀನೀ ಅಡುಗೆಯನ್ನು ಹಳಿಯುವವರು ಮೊದಲು ಬೆರಳು ತೋರುವುದು ಅಜಿನೊಮೊಟೊ ಕಡೆಗೆ. ಅದೂ ಚೀನಾದ್ದಲ್ಲ, 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಎಂಬ ರಸಾಯನಶಾಸ್ತ್ರಜ್ಞ ಸಮುದ್ರಪಾಚಿಯ ಸಾರದಿಂದ ಬೇರ್ಪಡಿಸಿದ ವಸ್ತು. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಒಂದು ಪತ್ರದಿಂದ ಅದರ ಮೇಲೆ ಭಯ ಹುಟ್ಟಿತು. ಮಿತವಾದ ಬಳಕೆಯಿಂದ ಆರೋಗ್ಯವಂತರಿಗೆ ಗಂಭೀರ ಹಾನಿಯೆಂಬುದನ್ನು ಮುಂದಿನ ಸಂಶೋಧನೆಗಳು ಸಮರ್ಥಿಸಲಿಲ್ಲ. ತಪ್ಪು ಶತ್ರುವಿನೊಡನೆ ಕಾದಾಡಿದರೆ ನಿಜವಾದ ಶತ್ರು ಹಿಂಬಾಗಿಲಿನಿಂದ ಒಳಬರುತ್ತಾನೆ.

ಹಾಗೆ ಒಳಬಂದದ್ದು ಬಣ್ಣ. 2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಹಾಗೂ ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಅಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ತಿಳಿಸಿದರು. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್‌ಗಳು ಕೆಲವು ತಿನಿಸುಗಳಿಗೆ ಮಿತಿಯೊಳಗೆ ಮಾತ್ರ ಅನುಮತಿ ಪಡೆದ ಬಣ್ಣಗಳು. ರೋಡಮಿನ್-ಬಿಯಂತೂ ಬಟ್ಟೆಗೆ ಹಾಕುವ ಬಣ್ಣ, ಯಾವ ಆಹಾರಕ್ಕೂ ಸಲ್ಲದು. ತಳ್ಳುಗಾಡಿಯವನನ್ನು ಹಿಡಿಯುವುದು ಅಧಿಕಾರಿಗಳಿಗೆ ಸುಲಭ. ಆದರೆ ಕಡುಗೆಂಪಾಗಿರದ ಮಂಚೂರಿಯನ್ನು ಗಿರಾಕಿಯೇ ಒಲ್ಲೆನೆನ್ನುತ್ತಾನೆ. ಆ ಕೆಂಪನ್ನು ಮನೆಯಲ್ಲಿ ಕಾಣಬೇಕೆಂದೇ ಬಣ್ಣದ ಪುಡಿಯ ಪುಟ್ಟ ಡಬ್ಬಿ ಹಳ್ಳಿಯ ಅಂಗಡಿಗೂ ಬರುತ್ತದೆ. ಮನೆಯ ಬಾಣಲೆಗೆ ಯಾವ ಆಹಾರ ನಿರೀಕ್ಷಕನೂ ಬರುವುದಿಲ್ಲ.

ವಿಪರ್ಯಾಸವೊಂದನ್ನೂ ಗಮನಿಸಬೇಕು. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ಚೀನಾದ ಆಡಳಿತಕ್ಕೆ ಸೇರಿದ ಹಾಂಗ್‌ಕಾಂಗ್, ಭಾರತದ ಎರಡು ಪ್ರಸಿದ್ಧ ಕಂಪನಿಗಳ ನಾಲ್ಕು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಕಂಡುಬಂದಿತೆಂದು ಅವುಗಳ ಮಾರಾಟವನ್ನು ತಡೆಯಿತು. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲಲು ಬಳಸುವ ಅನಿಲ. ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ವರ್ಗದಲ್ಲಿ ಅದರ ಹೆಸರಿದೆ. ಇಲ್ಲಿಯವರು ಚೈನೀಸ್ ಮಸಾಲೆಗೆ ಹಾತೊರೆಯುತ್ತಿರುವಾಗ ಚೀನೀಯರು ಇಲ್ಲಿಯ ಮಸಾಲೆಯನ್ನು ಹಿಂದಿರುಗಿಸುತ್ತಿದ್ದರು! ಸಂಬಾರವನ್ನು ಇಡಿಯಾಗಿ ಕೊಂಡರೆ ಮೂಸಿ ನೋಡಬಹುದು, ಮುರಿದು ನೋಡಬಹುದು, ಹುಳು ಹಿಡಿದಿದ್ದರೆ ಅಂಗಡಿಯವನ ಮುಖಕ್ಕೆ ಹಿಡಿಯಬಹುದು. ಪುಡಿಯಾದ ಮೇಲೆ ಉಳಿಯುವುದು ನಂಬಿಕೆ ಮಾತ್ರ.

ಇನ್ನು ಪುಡಿ ಮುಗಿದ ನಂತರದ ಕಥೆ. ಹೊಳೆಯುವ ಆ ಪೊಟ್ಟಣ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಮ್ಮಿನ ಹಲವು ಪದರಗಳನ್ನು ಅಂಟಿಸಿ ಮಾಡಿದ್ದು. ಪದರಗಳನ್ನು ಬಿಡಿಸಲಾಗದ ಕಾರಣ ಗುಜರಿಯವನೂ ಅದನ್ನು ಮುಟ್ಟುವುದಿಲ್ಲ. ಯಲ್ಲದಕೆರೆಯಂಥ ಊರಿನಲ್ಲಿ ಅದಕ್ಕೆ ಉಳಿಯುವ ದಾರಿಗಳು ಮೂರು: ತಿಪ್ಪೆ, ಬೆಂಕಿ, ಕೆರೆಯ ಕಾಲುವೆ. ತಿಪ್ಪೆಯಿಂದ ಹೊಲದ ಮಣ್ಣಿಗೆ, ಬೆಂಕಿಯಿಂದ ಮಕ್ಕಳ ಉಸಿರಿಗೆ, ಕಾಲುವೆಯಿಂದ ಕೆರೆಯ ತೂಬಿಗೆ. ಕೇಂದ್ರ ಸರ್ಕಾರದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಮರುಬಳಕೆಯಾಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ತೊಡೆದುಹಾಕಬೇಕೆಂದು ವಿಧಿಸಿದ್ದವು. ಎರಡು ವರ್ಷ ತುಂಬಿದಾಗ, 2018ರ ತಿದ್ದುಪಡಿಯಲ್ಲಿ, ಸುಟ್ಟು ಶಕ್ತಿ ಪಡೆಯಲಾಗದ ಅಥವಾ ಬೇರೆ ಉಪಯೋಗಕ್ಕೂ ಬಾರದ ಪ್ಲಾಸ್ಟಿಕ್ ಎಂಬ ಹೊಸ ಮಾತುಗಳು ಸೇರಿಕೊಂಡವು. ಸುಟ್ಟರೆ ಯಾವ ಪ್ಲಾಸ್ಟಿಕ್ ತಾನೆ ಶಾಖ ಕೊಡುವುದಿಲ್ಲ? ಅಲ್ಲಿಗೆ ನಿಯಮ ಉಳಿಯಿತು, ನಿಷೇಧ ಕರಗಿತು. 2011ರ ನಿಯಮಗಳಲ್ಲಿ ಗುಟ್ಕಾ, ತಂಬಾಕು, ಪಾನ್ ಮಸಾಲೆಗಳನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಬಾರದೆಂದು ಇದೇ ಸರ್ಕಾರದ ವ್ಯವಸ್ಥೆ ಆಜ್ಞಾಪಿಸಲು ಸಾಧ್ಯವಾಗಿತ್ತು. ಪಾನ್ ಮಸಾಲೆಗೆ ಸಾಧ್ಯವಾದದ್ದು ಅಡುಗೆಯ ಮಸಾಲೆಗೆ ಏಕೆ ಸಾಧ್ಯವಿಲ್ಲ? ಗ್ರಾಮಸಭೆಗಳು ಈ ಪ್ರಶ್ನೆಯನ್ನು ನಡವಳಿಯಲ್ಲಿ ದಾಖಲಿಸಿ ಮೇಲಕ್ಕೆ ಕಳುಹಿಸಬಹುದು.

ಹಿರಿಯೂರು ಸೀಮೆಯ ಕೆರೆಗಳ ಮಾತು ಹಗುರವಾದದ್ದಲ್ಲ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಕಾಣಲು 2022ರವರೆಗೆ ಎಂಬತ್ತೊಂಬತ್ತು ವರ್ಷ ಕಾಯಬೇಕಾಯಿತು. ನೀರಿನ ಬೆಲೆಯನ್ನು ಇಷ್ಟು ಬಲ್ಲ ಜನ ಬೇರೆಲ್ಲಿಯೂ ಸಿಗಲಾರರು. ಅಂಥಲ್ಲಿ ಕೊಳವೆಬಾವಿಯ ಕೊನೆಯ ನೀರನ್ನು ತಂಪು ಹವೆಯ ಬೆಳೆಯಾದ ಹೂಕೋಸಿಗೆ ಸುರಿಯುವುದು, ವಜ್ರಬೆನ್ನಿನ ಪತಂಗದ ಹುಳುವಿಗೆ ಹೆದರಿ ಅದಕ್ಕೆ ವಿಷ ಹೊಡೆಯುವುದು, ಬಳಿಕ ಅದನ್ನೇ ಕೆಂಪು ಬಣ್ಣದಲ್ಲಿ ಅದ್ದುವುದು ವಿವೇಕವೆನ್ನಿಸದು.

ಹಾಗೆಂದು ಚೀನೀ ವಿಧಾನಕ್ಕೆ ಹೂಕೋಸೇ ಬೇಕೆಂದು ಯಾರು ಹೇಳಿದರು? ಚೀನಾದ ಮನೆಗಳಲ್ಲಿ ಬೆಳ್ಳುಳ್ಳಿಯೊಡನೆ ಬಾಣಲೆಗೆ ಬೀಳುವ ಸೊಪ್ಪುಗಳಲ್ಲಿ ಹರಿವೆ ಅಥವಾ ದಂಟು ಇದೆ, ಬಸಳೆ ಇದೆ. ಅಲ್ಲಿಯವರು ಹೀರೇಕಾಯಿ ತಿನ್ನುತ್ತಾರೆ, ಹಾಗಲ ತಿನ್ನುತ್ತಾರೆ, ಮೂಲಂಗಿಯನ್ನೂ ಬದನೆಯನ್ನೂ ನೂರು ಬಗೆಯಲ್ಲಿ ಮಾಡುತ್ತಾರೆ. ಗೇಣುದ್ದದ ಅಲಸಂದೆ ಕಾಯಿಯನ್ನು ಸಿಪ್ಪೆ ಸುಕ್ಕಾಗುವವರೆಗೆ ಬಾಡಿಸಿ, ಒಣಮೆಣಸಿನಕಾಯಿ ಮತ್ತು ಜುಮ್ಮೆನ್ನುವ ಕಾಯಿಯೊಡನೆ ಹುರಿಯುವುದು ಸಿಚುವಾನಿನಲ್ಲಿ ಹೆಸರಾದ ಪದ್ಧತಿ. ದಕ್ಷಿಣ ಚೀನಾದಲ್ಲಿ ಇದಕ್ಕೆಲ್ಲ ಬಳಸುವ ಎಣ್ಣೆ ಶೇಂಗಾದ್ದು. ಚಳ್ಳಕೆರೆಯ ಗಾಣಗಳ ಜಿಲ್ಲೆಗೆ ಇದಕ್ಕಿಂತ ಹೆಚ್ಚಿನ ಆಮಂತ್ರಣ ಬೇಕೇ? ಬೆಂಡೆ, ಗೋರಿಕಾಯಿ, ಎಳೆಯ ನುಗ್ಗೆಸೊಪ್ಪು ಈ ವಿಧಾನಕ್ಕೆ ಸೊಗಸಾಗಿ ಒಗ್ಗುತ್ತವೆ. ಸೋಯಾ ಸಾಸಿನ ಜಾಗಕ್ಕೆ ಹುರುಳಿ ಬೇಯಿಸಿದ ಕಟ್ಟನ್ನು ಇನ್ನಷ್ಟು ಬತ್ತಿಸಿ, ಉಪ್ಪು ಮತ್ತು ಹುಣಿಸೆಯ ಹನಿ ಸೇರಿಸಿ ಒಂದು ಚಮಚ ಹಾಕಿದರೆ ಆ ಕಪ್ಪು ಬಣ್ಣವೂ ಗಾಢ ರುಚಿಯೂ ದೊರೆಯುತ್ತವೆ. ಚೀನೀಯರು ಒಪ್ಪದಿರಬಹುದು, ಒಪ್ಪಬೇಕಾದವರು ಊಟಕ್ಕೆ ಕುಳಿತ ಮಕ್ಕಳು.

ಈಗ ಐದನೆಯ ಕಾಯಿಯ ವಿಷಯ. ಯಲ್ಲದಕೆರೆಯಿಂದ ಪಶ್ಚಿಮಕ್ಕೆ ಹೊಸದುರ್ಗ, ತರೀಕೆರೆಗಳನ್ನು ದಾಟಿದರೆ ಮಲೆನಾಡು. ವಾಣಿವಿಲಾಸ ಸಾಗರಕ್ಕೆ ನೀರು ತರುವ ವೇದಾವತಿ ಹುಟ್ಟುವುದೂ ಅತ್ತ ಬಾಬಾಬುಡನ್ ಬೆಟ್ಟಗಳಲ್ಲಿಯೇ. ಘಟ್ಟದ ಕಾಡುಗಳಲ್ಲಿ ಮೈತುಂಬ ಗುಬಟು ಮುಳ್ಳು ಹೊತ್ತ ಮರವೊಂದಿದೆ. ಜನ ಅದರ ಫಲವನ್ನು ಜುಮ್ಮನಕಾಯಿ ಎನ್ನುತ್ತಾರೆ, ಕರಾವಳಿಯ ಕೊಂಕಣಿ ಮನೆಗಳಲ್ಲಿ ಅದು ತೆಪ್ಪಳ. ಸಿಚುವಾನಿನ ಕಾಯಿ ಮತ್ತು ಇದು ಒಂದೇ ಕುಲದ ಸಸ್ಯಗಳು. ಎರಡರಲ್ಲಿಯೂ ಒಳಗಿನ ಕರಿಬೀಜವನ್ನು ಎಸೆದು ಸಿಪ್ಪೆಯನ್ನಷ್ಟೇ ಉಳಿಸಿಕೊಳ್ಳಬೇಕು. ಎರಡೂ ನಾಲಗೆಯನ್ನು ಕೊಂಚ ಮರಗಟ್ಟಿಸುತ್ತವೆ. ಕನ್ನಡದ ಹೆಸರಿನಲ್ಲಿಯೇ ಆ ಜುಮ್ಮು ಇದೆ. ಹೆಚ್ಚಾಗಿ ಮೀನಿನ ಸಾರಿಗೆ ಬಳಕೆಯಾಗುವ ಈ ಕಾಯಿಯನ್ನು ಬಯಲುಸೀಮೆ ಮರೆತೇಬಿಟ್ಟಿದೆ.

ಆದರೆ ಬೇಡಿಕೆ ಹುಟ್ಟಿಸುವ ಮುನ್ನ ಎಚ್ಚರ ಬೇಕು. ರಾಮಪತ್ರೆಗೂ ಉಪ್ಪಾಗೆಗೂ ಮಾರುಕಟ್ಟೆ ಕುದುರಿದಾಗ ಉತ್ತರ ಕನ್ನಡ, ಶಿವಮೊಗ್ಗದ ಕಾಡುಗಳಲ್ಲಿ ನಡೆದದ್ದನ್ನು ಮಲೆನಾಡಿಗರು ಕಣ್ಣಾರೆ ಕಂಡಿದ್ದಾರೆ. ಇನ್ನೊಬ್ಬ ಕೊಯ್ದುಕೊಂಡಾನೆಂಬ ಆತುರದಲ್ಲಿ ಬಲಿಯದ ಕಾಯಿ ಉದುರಿಸಿದರು, ಹತ್ತಲಾರದವರು ಕೊಂಬೆಗಳನ್ನೇ ಕಡಿದರು. ಮುಳ್ಳಿನ ಜುಮ್ಮನಮರ ಹತ್ತಲು ಇನ್ನೂ ಕಷ್ಟ. ಕೊಡಲಿಯ ನೆನಪು ಬೇಗ ಬರುತ್ತದೆ. ಆದಕಾರಣ ಅದು ಕಾಡಿನಿಂದ ಬರುವ ಸರಕಾಗದೆ ಬೇಲಿಯಲ್ಲಿ, ತೋಟದ ಅಂಚಿನಲ್ಲಿ ಬೆಳೆದ ಮರದಿಂದ ಬರಬೇಕು. ಮುಳ್ಳಿನ ಮರ ಬೇಲಿಗೆ ಹೇಳಿ ಮಾಡಿಸಿದಂತಿದೆ. ಬೀಜ ಸುಲಭಕ್ಕೆ ಮೊಳೆಯುವುದಿಲ್ಲವಾದ್ದರಿಂದ ಶಾಲೆ-ಕಾಲೇಜುಗಳ ಪರಿಸರ ಸಂಘಗಳು ಸಸಿ ಎಬ್ಬಿಸುವ ಪ್ರಯೋಗ ಕೈಗೊಂಡರೆ ವನಮಹೋತ್ಸವಕ್ಕೆ ಅಕೇಶಿಯಾ ನೆಡುವುದಕ್ಕಿಂತ ಹೆಚ್ಚಿನ ಕೆಲಸವಾದೀತು.

ಒಂದು ಆಕ್ಷೇಪ ಉಳಿದಿದೆ, ಅದು ಬಲವಾದದ್ದು. ಹೊಲದಿಂದ ಕತ್ತಲಾದ ಮೇಲೆ ಮನೆಗೆ ಬರುವ ಹೆಣ್ಣುಮಗಳಿಗೆ ಪೊಟ್ಟಣ ಹರಿಯುವುದೇ ಬಿಡುಗಡೆ. ಹುರಿದು ಕುಟ್ಟಿರೆಂದು ಉಪದೇಶಿಸುವವರು ಒನಕೆ ಹಿಡಿಯುವುದಿಲ್ಲ. ಈ ಮಾತು ಸತ್ಯ. ಆದರೆ ಈ ಪುಡಿ ದಿನದ ಕೆಲಸವಲ್ಲ. ನಾಲ್ಕು ಚಕ್ರಮೊಗ್ಗು, ಎರಡು ಚಮಚ ಸೋಂಪು, ಬೆರಳುದ್ದದ ಚಕ್ಕೆ, ಎಂಟು ಲವಂಗ, ಒಂದು ಚಮಚ ಜುಮ್ಮನಕಾಯಿಯ ಸಿಪ್ಪೆ. ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಪುಡಿಮಾಡಿದರೆ ಚಿಟಿಕೆಯ ಲೆಕ್ಕದಲ್ಲಿ ಎರಡು ತಿಂಗಳು ಬರುತ್ತದೆ. ಜುಮ್ಮನಕಾಯಿ ಸಿಗದಿದ್ದರೆ ಕಾಳುಮೆಣಸು ನಡೆಯುತ್ತದೆ, ಜುಮ್ಮು ಮಾತ್ರ ಇರುವುದಿಲ್ಲ. ಇದನ್ನು ಮಾಡಲು ಹೆಂಗಸೇ ಆಗಬೇಕಿಲ್ಲ. ಹಾಸ್ಟೆಲ್ಲಿನಿಂದ ರಜೆಗೆ ಬಂದು ಮಂಚೂರಿ ಬೇಕೆನ್ನುವ ಮಗನ ಕೈಗೆ ಮಿಕ್ಸಿಯನ್ನು ಕೊಡಬಹುದು. 2000ದ ಆಸುಪಾಸಿನಿಂದ ಸಂಘಟಿತವಾಗಿರುವ ಸ್ತ್ರೀಶಕ್ತಿ ಗುಂಪುಗಳು ಸಾಂಬಾರ್ ಪುಡಿ, ಚಟ್ನಿಪುಡಿಗಳ ಜೊತೆ ಇದನ್ನೂ ಮಾಡಿ, ಗಿರಾಕಿಯ ಡಬ್ಬಿಗೆ ಅಳೆದು ಕೊಡಬಹುದು. ಸಂತೆಯಲ್ಲಿ ಎಣ್ಣೆಯನ್ನು ಸ್ವಂತ ಸೀಸೆಗೆ ಅಳೆಸಿಕೊಂಡು ಬರುತ್ತಿದ್ದ ಕಾಲ ತೀರ ಹಳೆಯದಲ್ಲ.

ಮಾಡಿ ನೋಡುವವರು ಅಲಸಂದೆಯಿಂದಲೇ ಆರಂಭಿಸಲಿ. ಎಳೆಯ ಕಾಯಿಯನ್ನು ಎರಡು ಅಂಗುಲಕ್ಕೆ ಕತ್ತರಿಸಿ, ಒರೆಸಿ, ಎರಡು ಚಮಚ ಶೇಂಗಾ ಎಣ್ಣೆ ಹೊಗೆಯಾಡುವಂತೆ ಕಾದ ಕಬ್ಬಿಣದ ಬಾಣಲೆಗೆ ಹಾಕಬೇಕು. ಸಿಪ್ಪೆ ಅಲ್ಲಲ್ಲಿ ಕಪ್ಪಾಗಿ ಸುಕ್ಕಾದಾಗ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಮುರಿದ ಬ್ಯಾಡಗಿ ಮೆಣಸಿನಕಾಯಿ. ಅರ್ಧ ನಿಮಿಷದ ಬಳಿಕ ಉಪ್ಪು, ಒಂದು ಚಮಚ ಹುರುಳಿಕಟ್ಟು, ಕೊನೆಗೆ ಎರಡು ಚಿಟಿಕೆ ಪುಡಿ. ಪುಡಿ ಬಿದ್ದ ಕೂಡಲೇ ಇಳಿಸಬೇಕು, ತಡವಾದರೆ ಕಹಿಯಾಗುತ್ತದೆ. ಮುದ್ದೆಗೆ ಇದು ಅಷ್ಟಾಗಿ ಹೊಂದುವುದಿಲ್ಲ. ಬಿಸಿ ರಾಗಿರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ.